ಅಪ್‌ಡೇಟ್: ಲೆಕ್ಕ ಬರೆಯುವವನಿಗೆ ವಿಡಿಯೊ ಕೆಲಸ, ಸಾಹುಕಾರರ ಜೊತೆ ಮಾತಾಡಿದೆ

ಹಿಂದಿನ ಪ್ರಶ್ನೆ ನೆನಪಿಲ್ಲದವರಿಗೆ: ಬಾಗಲಕೋಟೆಯ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಸುಮ್ನೆ ಖುಷಿಗೆ ಇಳಕಲ್ ಸೀರೆ ಬಗ್ಗೆ ಒಂದು ವಿಡಿಯೊ ಮಾಡಿದ್ದೆ, ಸಾಹುಕಾರರಿಗೆ ಹಿಡಿಸಿತು, ಆಮೇಲೆ ವಾರ ವಾರ ಮಾಡು ಅಂದರು. ಒಪ್ಪಲೋ ಬೇಡವೋ ಅಂತ ಕೇಳಿದ್ದೆ.

ಒಪ್ಪಿದೆ. ಆದರೆ ನೀವು ಹೇಳಿದ ಹಾಗೆ ಮೊದಲು ಕೂತು ಮಾತಾಡಿದೆ. ಮಾರಾಟದ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-1) ತಿಂಗಳ 11ರೊಳಗೆ ಹೋಗಬೇಕು, ತೆರಿಗೆ ಕಟ್ಟುವ ರಿಟರ್ನ್ (3ಬಿ) 20ರೊಳಗೆ, ಆ ಹೊತ್ತಲ್ಲಿ ಕ್ಯಾಮೆರಾ ಮುಟ್ಟಲ್ಲ ಅಂದೆ. "ದಂಡ ಕಟ್ಟೋನು ನಾನs ಅಲ್ಲೇನಪಾ" ಅಂತ ನಕ್ಕರು. ಶೂಟಿಂಗ್ ಕೆಲಸದ ವೇಳೆಯಲ್ಲೇ, ಬಸ್ ಖರ್ಚು ಅಂಗಡಿಯದು. ಸಂಬಳದ ಮಾತು ಮಾತ್ರ ದೀಪಾವಳಿ ಆಚೆಗೆ ಹೋಯಿತು. ವಾಟ್ಸಾಪ್‌ನಲ್ಲಿ ಬರೆಸಿಕೊಂಡಿದ್ದೇನೆ, ಬಿಡುವವನಲ್ಲ.

ಮೊನ್ನೆಯ ವಿಡಿಯೊ ಟೋಪ ತೆನಿ ಅನ್ನೋ ವಿನ್ಯಾಸದ ಸೆರಗಿನದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲಿನ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ನಾನು ನೇಕಾರ ಕಾಕಾನ ಮುಖಕ್ಕೆ ಮೊಬೈಲ್ ಹಿಡಿದರೆ ಅವರು, "ತಮ್ಮಾ, ನನ್ನ ಮಾರಿ ಬ್ಯಾಡ, ಕೊಂಡಿ ಕಾಣೂ ಹಂಗ ತಗಿ" ಅಂದರು. ಬೆರಳು, ಕೆಂಪು ರೇಷ್ಮೆ ಎಳೆ, ಅಷ್ಟೇ ತೆಗೆದೆ. ಜನ ಜಾಸ್ತಿ ನೋಡಿದ್ದು ಅದನ್ನೇ.

ಈಗ ಹೊಸ ತಲೆನೋವು. ಪಕ್ಕದ ಪಾತ್ರೆ ಅಂಗಡಿಯವರೂ ವಿಡಿಯೊ ಮಾಡಿಕೊಡು ಅಂತಿದ್ದಾರೆ, ರವಿವಾರ ಮಾಡಿದರೆ ನಮ್ಮ ಸಾಹುಕಾರರದ್ದೇನೂ ತಕರಾರಿಲ್ಲ. ಒಂದು ವಿಡಿಯೊಗೆ ರೇಟ್ ಎಷ್ಟು ಹೇಳಲಿ?