ಹಂಗರ್ ಗೇಮ್ಸ್ ಒಂದೇ ತಗೊಳ್ಳಲಾ, ಸೆಟ್ ತಗೊಳ್ಳಲಾ? ಓದಿದವರು ಹೇಳಿ

ಹಾಸನದ ಓದುಗಿ: ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಕಾದಂಬರಿ ನಿಧಾನ. ಅದಕ್ಕೇ ಓಡುವ ಕಥೆ ಬೇಕು. ಸುಝಾನ್ ಕಾಲಿನ್ಸ್ ಅವರ 'ಹಂಗರ್ ಗೇಮ್ಸ್' ಮೊದಲಾ, ಜೇಮ್ಸ್ ಡ್ಯಾಶ್ನರ್ ಅವರ 'ಮೇಜ್ ರನ್ನರ್' ಮೊದಲಾ? ಹಂಗರ್ ಗೇಮ್ಸ್‌ನ ಮೂರು ಪುಸ್ತಕದ ಸೆಟ್ ತಗೊಂಡರೆ ದುಡ್ಡು ವ್ಯರ್ಥ ಆಗುತ್ತದಾ?

ತುಮಕೂರು ಹುಡುಗ: ಯಾವುದಾದರೂ ತಗೊಳ್ಳಿ, ಫುಟ್‌ಪಾತ್ ಪ್ರತಿ ಮಾತ್ರ ಬೇಡ. ಹಂಗರ್ ಗೇಮ್ಸ್ 150 ರೂಪಾಯಿಗೆ ಸಿಕ್ಕಿತು. ಕಥೆಯ ಹುಡುಗಿ ಕಾಟ್ನಿಸ್ ಮರ ಹತ್ತಿ, ಕಣಜದ ಗೂಡಿರುವ ಕೊಂಬೆ ಕೊಯ್ಯುತ್ತಿದ್ದಾಳೆ. ಕೆಳಗೆ ಅವಳನ್ನು ಕೊಲ್ಲಲು ಕಾದವರು ಮಲಗಿದ್ದಾರೆ. ಪುಟ ತಿರುಗಿಸಿದರೆ ಓದಿದ 16 ಪುಟವೇ ಮತ್ತೆ ಬಂದಿದೆ, ಮುಂದಿನ 16 ಇಲ್ಲವೇ ಇಲ್ಲ! ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. 399 ಕೊಟ್ಟು ಒರಿಜಿನಲ್ ತರಿಸಿದೆ. ಒಟ್ಟು 549. ಅದು ಬರುವ ತನಕ ಆ ಕೊಂಬೆ ಹಾಗೇ ನೇತಾಡುತ್ತಿತ್ತು. ಇವತ್ತಿಗೂ ಸಿಟ್ಟಿದೆ.

ಧಾರವಾಡದ ಅಕ್ಕ: ನಾನು ಒಂದೊಂದೇ ತಗೊಂಡು ಓದಿದೆ, ಅದೇ ಸರಿ. ಎಲ್ಲರೂ ಇದರ ಓಟದ ಬಗ್ಗೆ ಹೇಳುತ್ತಾರೆ. ನನ್ನನ್ನು ಹಿಡಿದಿದ್ದು, ಟಿವಿಯಲ್ಲಿ ತೋರಿಸುವ ಕೊಲ್ಲುವ ಆಟಕ್ಕೆ ಮಕ್ಕಳನ್ನು ಆರಿಸುವ ಲಾಟರಿಯ ಲೆಕ್ಕ. 12 ವರ್ಷಕ್ಕೆ ಒಂದು ಚೀಟಿ, 13ಕ್ಕೆ ಎರಡು, ಹೀಗೆ ಏರುತ್ತದೆ. ಒಬ್ಬರಿಗೆ ವರ್ಷಕ್ಕೆ ಆಗುವಷ್ಟು ಕಾಳು, ಎಣ್ಣೆ ಬೇಕಂದರೆ ಇನ್ನೊಂದು ಚೀಟಿ ಜಾಸ್ತಿ. 16ರ ಕಾಟ್ನಿಸ್ ಹೆಸರು 20 ಸಲ, ಅವಳ ಜೊತೆ ಬೇಟೆಗೆ ಹೋಗುವ ಗೇಲ್ ಹೆಸರು 42 ಸಲ. ಬಡವರ ಮನೆ ಮಕ್ಕಳೇ ಹೆಚ್ಚು ಸಿಕ್ಕಿಬೀಳುವ ಹಾಗೆ ಕಟ್ಟಿದ ಪದ್ಧತಿ ಅದು. ರೇಷನ್ ಕಾರ್ಡ್ ಹಿಡಿದು ಕ್ಯೂ ನಿಂತವರಿಗೆ ಇದು ಎದೆಗೆ ನಾಟುತ್ತದೆ.

ದಾವಣಗೆರೆ ಓದುಗ: ಅಕ್ಕ, ಆಮೇಲೆ ಬರುವುದೆಲ್ಲ ಕಾಟ್ನಿಸ್ ಮನಸ್ಸು ಗೇಲ್ ಮೇಲಾ, ಜೊತೆಗೆ ಆಟಕ್ಕೆ ಹೋದ ಪೀಟಾ ಮೇಲಾ ಅನ್ನೋದೇ ಅಲ್ವಾ? ನನಗೆ ಸಾಕಾಯಿತು. ಮೇಜ್ ರನ್ನರ್‌ನಲ್ಲಿ ಆ ಗೋಜಿಲ್ಲ. ಥಾಮಸ್‌ಗೆ ಕತ್ತಲೆ ಲಿಫ್ಟ್‌ನಲ್ಲಿ ಎಚ್ಚರವಾಗುತ್ತದೆ, ನೆನಪಿರುವುದು ಹೆಸರು ಮಾತ್ರ. ಲಿಫ್ಟ್ ಬಿಡುವ ಜಾಗದ ಸುತ್ತ ಗೋಡೆಗಳ ಚಕ್ರವ್ಯೂಹ. ಸಂಜೆಯಾದರೆ ಗೋಡೆಗಳು ಸರಿದು ಬಾಗಿಲು ಮುಚ್ಚುತ್ತವೆ. ಹೊರಗೆ ಉಳಿದವನ ಕಥೆ ಮುಗಿಯಿತು. ರಾತ್ರಿ ಊಟ ಬಿಟ್ಟು ಓದಿದ್ದೇನೆ.

ಧಾರವಾಡದ ಅಕ್ಕ: ತಮ್ಮಾ, ಪೂರ್ತಿ ಓದಿ ಮಾತಾಡಬೇಕು. ಕ್ಯಾಮೆರಾ ಮುಂದೆ ಪ್ರೀತಿ ತೋರಿಸಿದರೆ ಪ್ರಾಯೋಜಕರು ಔಷಧಿ, ಊಟ ಕಳಿಸುತ್ತಾರೆ. ಜೀವ ಉಳಿಸಿಕೊಳ್ಳಲು ಮಾಡುವುದದು. ನಿಮ್ಮ ಮೇಜ್ ರನ್ನರ್ ಹುಡುಗರು ಆಡುವ ಬೈಗುಳಗಳನ್ನು ಲೇಖಕರೇ ಹುಟ್ಟಿಸಿದ್ದು, ಡಿಕ್ಷನರಿಯಲ್ಲಿ ಸಿಗಲ್ಲ. ಇಂಗ್ಲಿಷ್ ನಿಧಾನ ಅಂದವರಿಗೆ ಅದನ್ನು ಹೇಗೆ ಕೊಡುತ್ತೀರಿ?

ದಾವಣಗೆರೆ ಓದುಗ: ನಾನೂ ಕನ್ನಡ ಮಾಧ್ಯಮವೇ. ಓದುತ್ತಾ ಹೋದರೆ ತಾನಾಗೇ ಗೊತ್ತಾಗುತ್ತದೆ. ನಮ್ಮನ್ನು ಅಷ್ಟು ಕೀಳಾಗಿ ನೋಡಬೇಡಿ.

ದುಬೈ ಕನ್ನಡಿಗ: ನಾನು ಸೆಟ್ಟೇ ತಗೊಂಡಿದ್ದು. ಹೆಮ್ಮೆಯಿಂದ ಹೇಳುತ್ತೇನೆ. 2008, 2009, 2010ರಲ್ಲಿ ಬಂದ ಮೂರೂ ಕಪಾಟಿನಲ್ಲಿರಬೇಕು. ಎರಡನೆಯದರ ಕೊನೆಯಲ್ಲಿ ಕಾಟ್ನಿಸ್ ಊರಾದ 12ನೇ ಜಿಲ್ಲೆಯೇ ನಾಶವಾಗುತ್ತದೆ. ಅಲ್ಲಿ ನಿಂತು ಕೊರಿಯರ್ ಕಾಯುವ ಕರ್ಮ ಯಾರಿಗೆ ಬೇಕು?

ತುಮಕೂರು ಹುಡುಗ: ಸರ್!! ನಾನಿನ್ನೂ ಎರಡನೇ ಪುಸ್ತಕದ ಅರ್ಧದಲ್ಲಿದ್ದೇನೆ. ಮುಂದೇನು ಅಂತ ಗೊತ್ತಿಲ್ಲದಿರುವುದೇ ಇಂಥ ಕಥೆಯ ಸುಖ. ಸುಮ್ನೆ ಹಾಳು ಮಾಡಿದಿರಿ.

ದುಬೈ ಕನ್ನಡಿಗ: ಪುಸ್ತಕ ಬಂದು ಅಷ್ಟು ವರ್ಷವಾಯಿತು, ಸಿನಿಮಾನೂ ಬಂತು. ಇನ್ನೂ ಗುಟ್ಟು ಅಂದರೆ ಹೇಗೆ?

ಧಾರವಾಡದ ಅಕ್ಕ: ಹೊಸದಾಗಿ ಓದುವವರಿಗೆ ಅದು ಇವತ್ತೇ ನಡೆಯುತ್ತದೆ. ದಯವಿಟ್ಟು ಅಳಿಸಿ.

ಹಾಸನದ ಓದುಗಿ: ನಾನೂ ಓದಿಬಿಟ್ಟೆ ಆ ಸಾಲನ್ನು. ಮೊದಲನೆಯದನ್ನು ಮಾತ್ರ ಆರ್ಡರ್ ಮಾಡಿದ್ದೇನೆ. ಪೀಟಾ ಬಗ್ಗೆ ಯಾರೂ ಏನೂ ಹೇಳಬೇಡಿ.

ದಾವಣಗೆರೆ ಓದುಗ: ನೋಡಿದಿರಾ ಅಕ್ಕ, ಆಗಲೇ ಪೀಟಾ ಅಂತಿದ್ದಾರೆ!