ರಾಜ್ಯ ಬದಲಾದರೆ ಜೀವನಾಂಶದ ಲೆಕ್ಕವೂ ಬದಲಾಗುತ್ತದೆ

ಆತ್ಮೀಯರೇ,

ನ್ಯೂಜೆರ್ಸಿ ಬಿಟ್ಟು ಟೆಕ್ಸಾಸಿಗೋ ಫ್ಲೋರಿಡಾಕ್ಕೋ ಹೋಗುವ ಮಾತು ನಮ್ಮ ಮನೆಗಳಲ್ಲಿ ಬಂದಾಗಲೆಲ್ಲ ಶಾಲೆಗಳ ರೇಟಿಂಗ್, ಆಸ್ತಿ ತೆರಿಗೆ, ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು, ಮಕ್ಕಳಿಗೆ ಸಂಗೀತದ ಗುರುಗಳು ಸಿಗುತ್ತಾರೆಯೇ ಎಂಬುದು, ಎಲ್ಲವೂ ಚರ್ಚೆಯಾಗುತ್ತವೆ. ಮದುವೆ ಮುರಿದರೆ ಅಲ್ಲಿನ ಕಾನೂನು ಏನು ಹೇಳುತ್ತದೆ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಕೇಳುವುದೇ ಅಪಶಕುನವೆಂಬ ಭಾವನೆ ನಮ್ಮಲ್ಲಿದೆ. ಆದರೆ ಅಮೆರಿಕದಲ್ಲಿ ವಿಚ್ಛೇದನ ಮತ್ತು ಜೀವನಾಂಶ ಆಯಾ ರಾಜ್ಯದ ಕಾನೂನಿಗೆ ಸೇರಿದ ವಿಷಯಗಳು, ಮತ್ತು ಈಚಿನ ವರ್ಷಗಳಲ್ಲಿ ಒಂದರ ಹಿಂದೆ ಒಂದು ರಾಜ್ಯ ಆ ಕಾನೂನನ್ನು ತಿದ್ದುತ್ತ ಬಂದಿದೆ. ಮಕ್ಕಳಿಗಾಗಿ ಉದ್ಯೋಗ ಬಿಟ್ಟು ಮನೆಯಲ್ಲಿ ಉಳಿದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಾಗಿ ಹೆಂಡತಿಯರಿಗೆ, ಈ ತಿದ್ದುಪಡಿಗಳು ನೇರವಾಗಿ ತಟ್ಟುತ್ತವೆ.

ತಿದ್ದುಪಡಿಗಳ ದಿಕ್ಕು ಒಂದೇ: ಜೀವನಾಂಶಕ್ಕೆ ಅವಧಿಯ ಮಿತಿ. ಮ್ಯಾಸಚೂಸೆಟ್ಸ್ 2011ರಲ್ಲಿ ಅಂಗೀಕರಿಸಿದ, 2012ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾನೂನು, 20 ವರ್ಷದೊಳಗಿನ ದಾಂಪತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಜೀವನಾಂಶ ಹೆಚ್ಚೆಂದರೆ ಎಷ್ಟು ತಿಂಗಳು ಎಂದು ನಿಗದಿ ಮಾಡಿತು. ನ್ಯೂಜೆರ್ಸಿ 2014ರ ಸೆಪ್ಟೆಂಬರ್‌ನಲ್ಲಿ ‘ಶಾಶ್ವತ’ ಎಂಬ ಪದವನ್ನೇ ಕೈಬಿಟ್ಟು, 20 ವರ್ಷ ತುಂಬದ ಮದುವೆಗೆ ವಿಶೇಷ ಕಾರಣವಿಲ್ಲದಿದ್ದರೆ ಜೀವನಾಂಶದ ಅವಧಿ ಮದುವೆಯ ಅವಧಿಯನ್ನು ಮೀರಬಾರದು ಎಂದಿತು. ಫ್ಲೋರಿಡಾದಲ್ಲಿ 2013, 2016 ಮತ್ತು 2022ರಲ್ಲಿ ಮಸೂದೆ ಗವರ್ನರ್ ಮೇಜಿನವರೆಗೆ ಹೋಗಿ ತಿರಸ್ಕೃತವಾಗಿ ಮರಳಿತ್ತು. ಕೊನೆಗೆ 2023ರ ಜುಲೈ 1ರಿಂದ ಅಲ್ಲಿ ಹೊಸ ಪ್ರಕರಣಗಳಲ್ಲಿ ಶಾಶ್ವತ ಜೀವನಾಂಶ ಸಂಪೂರ್ಣವಾಗಿ ಇಲ್ಲವಾಯಿತು.

ಈ ಮಿತಿಯೇ ಅನ್ಯಾಯ ಎಂದು ನಾನು ಹೇಳಲಾರೆ. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಪ್ರತಿ ತಿಂಗಳು ಹಣ ಕಟ್ಟುವುದಕ್ಕಾಗಿಯೇ ಕೆಲಸಕ್ಕೆ ಹೋಗುತ್ತಿದ್ದವರು ಹಳೆಯ ಪದ್ಧತಿಯಲ್ಲಿದ್ದರು. ನ್ಯೂಜೆರ್ಸಿಯ ಹೊಸ ಕಾನೂನು, ಕೊಡುವವರು ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಯೋಜನೆಯ ಪೂರ್ಣ ನಿವೃತ್ತಿ ವಯಸ್ಸು ತಲುಪಿದಾಗ ಜೀವನಾಂಶ ನಿಲ್ಲಬೇಕು ಎಂದು ಮೊದಲಿಗೇ ಭಾವಿಸಿಕೊಂಡು ಆರಂಭಿಸುವುದು ನನಗೆ ಸರಿಯಾಗಿಯೇ ಕಾಣುತ್ತದೆ. ನನ್ನ ತಕರಾರು ಬೇರೆ. ಮನೆಯಲ್ಲಿದ್ದವರು ನಿಗದಿತ ಕಾಲದಲ್ಲಿ ಮತ್ತೆ ದುಡಿಮೆಗೆ ಮರಳಬಲ್ಲರು ಎಂಬ ನಂಬಿಕೆ ಈ ಕಾನೂನುಗಳ ತಳದಲ್ಲಿದೆ. ವೀಸಾ ಕಾರಣಕ್ಕೆ ದುಡಿಯುವಂತೆಯೇ ಇಲ್ಲದಿದ್ದವರಿಗೆ ಆ ಲೆಕ್ಕ ಹೊಂದುವುದಿಲ್ಲ.

ಪರಿಚಿತರೊಬ್ಬರ ಜೊತೆ ಅವರ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ವಿಚ್ಛೇದನಕ್ಕೆ ನ್ಯೂಜೆರ್ಸಿ ಕೋರ್ಟು ಕೇಳುವ ‘ಕೇಸ್ ಇನ್ಫರ್ಮೇಷನ್ ಸ್ಟೇಟ್‌ಮೆಂಟ್’ ಎಂಬ ಆದಾಯ-ಖರ್ಚಿನ ನಮೂನೆ ತುಂಬಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮನೆಯ ಪ್ರತಿ ಖರ್ಚಿಗೂ ಅದರಲ್ಲಿ ಎರಡು ಅಂಕಣ: ಒಟ್ಟಿಗಿದ್ದಾಗ ಎಷ್ಟು, ಈಗ ಎಷ್ಟು. ಗ್ಯಾಸ್ ಬಿಲ್ಲು, ಕಾರಿನ ವಿಮೆ, ಮಕ್ಕಳ ಈಜು ತರಗತಿಯ ಫೀಸು, ಯಾವುದಕ್ಕೂ ಅವರು ಕಾಗದ ನೋಡಲಿಲ್ಲ. ಬಾಯಿಪಾಠದಂತೆ ಹೇಳುತ್ತ ಹೋದರು. ಸ್ವಂತ ಆದಾಯದ ಪುಟ ಬಂದಾಗ ಮಾತ್ರ ಪೆನ್ನು ನಿಂತಿತು. ಎಂಸಿಎ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, 2008ರಲ್ಲಿ ಮದುವೆಯಾಗಿ, ಕೆಲಸದ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದವರು ಅವರು. ಎಚ್-4ನವರಲ್ಲಿ ಕೆಲವರಿಗೆ, ಮುಖ್ಯವಾಗಿ ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿನ ದಾರಿಯಲ್ಲಿ ಉದ್ಯೋಗದಾತರು ಸಲ್ಲಿಸುವ ಅರ್ಜಿ) ಮಂಜೂರಾಗಿದ್ದವರಿಗೆ, ದುಡಿಯುವ ಪರವಾನಗಿ ಸಿಗತೊಡಗಿದ್ದು 2015ರ ಮೇ 26ರ ನಂತರ. ನನ್ನ ಪರಿಚಿತರ ಇಎಡಿ, ಅಂದರೆ ಆ ಪರವಾನಗಿ ಪತ್ರ, ಕೈಸೇರಿದ್ದು 2016ರಲ್ಲಿ. ಅಷ್ಟರಲ್ಲಿ ಎಂಟು ವರ್ಷದ ವಿರಾಮ, ತೊಡೆಯ ಮೇಲೆ ಎರಡನೆಯ ಮಗು.

2022ರಲ್ಲಿ ವಿಚ್ಛೇದನದ ಅರ್ಜಿ ದಾಖಲಾದಾಗ ಮದುವೆಗೆ 14 ವರ್ಷ. ಎದುರು ಪಕ್ಷದ ವಕೀಲರು ಕೇಳಿದ ಮೊದಲ ಪ್ರಶ್ನೆ, ಪರವಾನಗಿ ಬಂದ ಮೇಲಿನ ಆರು ವರ್ಷ ಏನು ಮಾಡಿದಿರಿ ಎಂಬುದು. ದುಡಿಯದವರನ್ನೂ ದುಡಿಯಬಲ್ಲವರೆಂದು ಪರಿಗಣಿಸಿ, ಅವರಿಗೆ ಇಷ್ಟು ಸಂಬಳ ಬರುತ್ತಿತ್ತು ಎಂದು ಕಲ್ಪಿಸಿ, ಅದಕ್ಕೆ ತಕ್ಕಂತೆ ಜೀವನಾಂಶವನ್ನು ಇಳಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಅದಕ್ಕೆ ಉತ್ತರವೂ ಅದೇ ಕಾನೂನಿನಲ್ಲಿದೆ: ನ್ಯೂಜೆರ್ಸಿ ಹೆಸರಿಸಿರುವ ವಿಶೇಷ ಕಾರಣಗಳಲ್ಲಿ, ಸಂಗಾತಿಯೊಬ್ಬರು ತಮ್ಮ ವೃತ್ತಿಯನ್ನೋ ವೃತ್ತಿಯ ಅವಕಾಶವನ್ನೋ ಬಿಟ್ಟುಕೊಟ್ಟಿದ್ದು ಅಥವಾ ಇನ್ನೊಬ್ಬರ ವೃತ್ತಿಗೆ ಆಸರೆಯಾಗಿದ್ದು ಸೇರಿದೆ. ಆದರೆ ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬೆಂಗಳೂರಿನ ಕೆಲಸದ ನೇಮಕಾತಿ ಪತ್ರ, ರಾಜೀನಾಮೆ ಒಪ್ಪಿಕೊಂಡ ಪತ್ರ, ಹಳೆಯ ಪಾಸ್‌ಪೋರ್ಟಿನ ವೀಸಾ ಮುದ್ರೆ, ಇಎಡಿ ಮಂಜೂರಾತಿಯ ನೋಟಿಸು, ಇವೇ ಅವರ ಪರವಾಗಿ ಮಾತನಾಡಿದವು. ಹಳೆಯ ಪಾಸ್‌ಪೋರ್ಟು ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ ಸಿಕ್ಕಿತು. ಅದನ್ನು ಎಸೆಯದೆ ಇಟ್ಟುಕೊಂಡಿದ್ದು ಪುಣ್ಯ.

ಅದೇ 14 ವರ್ಷದ ದಾಂಪತ್ಯವನ್ನು ಬೇರೆ ರಾಜ್ಯಗಳ ತಕ್ಕಡಿಯಲ್ಲಿಟ್ಟು ನೋಡಿ. ನ್ಯೂಜೆರ್ಸಿಯಲ್ಲಿ ಗರಿಷ್ಠ ಮಿತಿ 14 ವರ್ಷ, ವಿಶೇಷ ಕಾರಣವಿದ್ದರೆ ಇನ್ನೂ ಹೆಚ್ಚು. ಫ್ಲೋರಿಡಾದ ಈಗಿನ ನಿಯಮದಲ್ಲಿ 10ರಿಂದ 20 ವರ್ಷದ ಮದುವೆಗೆ ಅವಧಿಯ ಶೇಕಡಾ 60, ಅಂದರೆ ಎಂಟು ವರ್ಷ ಐದು ತಿಂಗಳಿನಷ್ಟು. ಮೊತ್ತವೂ ಇಬ್ಬರ ನಿವ್ವಳ ಆದಾಯದ ಅಂತರದ ಶೇಕಡಾ 35ನ್ನು ದಾಟುವಂತಿಲ್ಲ. ಈ ಮೂರರಲ್ಲಿ ಟೆಕ್ಸಾಸ್ ಎಲ್ಲಕ್ಕಿಂತ ಬಿಗಿ. ಕೌಟುಂಬಿಕ ಹಿಂಸೆ ಅಥವಾ ಅಂಗವೈಕಲ್ಯದಂಥ ಕಾರಣಗಳಿಲ್ಲದಿದ್ದರೆ ಮದುವೆಗೆ ಹತ್ತು ವರ್ಷ ತುಂಬಿರಬೇಕು, ಕನಿಷ್ಠ ಅಗತ್ಯಗಳನ್ನೂ ಪೂರೈಸಿಕೊಳ್ಳಲಾಗದ ಸ್ಥಿತಿಯಲ್ಲಿರಬೇಕು, ಆಗ ಗರಿಷ್ಠ ಐದು ವರ್ಷ. ಮೊತ್ತ ತಿಂಗಳಿಗೆ 5,000 ಡಾಲರ್ ಅಥವಾ ಕೊಡುವವರ ಒಟ್ಟು ಮಾಸಿಕ ಆದಾಯದ ಶೇಕಡಾ 20, ಯಾವುದು ಕಡಿಮೆಯೋ ಅದು. ಟೆಕ್ಸಾಸಿನಲ್ಲಿ ಮದುವೆಯಾದ ಮೇಲೆ ಗಳಿಸಿದ ಆಸ್ತಿ ಇಬ್ಬರದೂ ಎಂಬ ನಿಯಮ ಇದೆಯಾದರೂ, ಗಳಿಕೆಯೆಲ್ಲ ಮನೆಸಾಲಕ್ಕೇ ಹೋಗಿರುವ ಸಂಸಾರಗಳಲ್ಲಿ ಹಂಚಲು ಉಳಿಯುವುದು ಕಡಿಮೆ. ಊರು ಬದಲಿಸಿದ ತಕ್ಷಣ ಅಲ್ಲಿ ಅರ್ಜಿ ಹಾಕಲಾಗದು ನಿಜ. ಆದರೆ ಫ್ಲೋರಿಡಾ, ಟೆಕ್ಸಾಸ್ ಎರಡೂ ಕಡೆ ಆರು ತಿಂಗಳ ವಾಸ ಸಾಕು. ಟೆಕ್ಸಾಸಿನಲ್ಲಿ ಅರ್ಜಿ ಹಾಕುವ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) 90 ದಿನ ಇದ್ದಿರಬೇಕೆಂಬುದಷ್ಟೇ ಹೆಚ್ಚಿನ ಷರತ್ತು.

ಜೀವನಾಂಶವನ್ನೂ ಮಕ್ಕಳ ಪಾಲನಾ ವೆಚ್ಚವನ್ನೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಪಾಲನಾ ವೆಚ್ಚ ಮಗುವಿನ ಹಕ್ಕು, ಜೀವನಾಂಶ ಸಂಗಾತಿಯದು, ಲೆಕ್ಕ ಬೇರೆ ಬೇರೆ. ಪಾಲನಾ ವೆಚ್ಚದಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಇದೆ: ನ್ಯೂಜೆರ್ಸಿಯ ಕೋರ್ಟು ಕಾಲೇಜಿನ ಖರ್ಚಿನಲ್ಲಿ ಪಾಲು ಕೊಡುವಂತೆ ತಂದೆತಾಯಿಗೆ ಆದೇಶಿಸಬಹುದು, ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಮಗುವಿಗೆ 18 ತುಂಬಿದಾಗ ಅಥವಾ ಹೈಸ್ಕೂಲು ಮುಗಿದಾಗ ವೆಚ್ಚ ನಿಲ್ಲುತ್ತದೆ. ತೆರಿಗೆಯ ಹಳೆಯ ಸಲಹೆಗಳನ್ನೂ ನಂಬಬೇಡಿ. 2018ರ ಡಿಸೆಂಬರ್ 31ರ ನಂತರದ ಒಪ್ಪಂದಗಳಲ್ಲಿ ಫೆಡರಲ್ ತೆರಿಗೆಯ ಮಟ್ಟಿಗೆ ಜೀವನಾಂಶ ಕೊಡುವವರು ಅದನ್ನು ತಮ್ಮ ಆದಾಯದಿಂದ ಕಳೆಯುವಂತಿಲ್ಲ, ಪಡೆಯುವವರಿಗೆ ಅದರ ಮೇಲೆ ತೆರಿಗೆಯಿಲ್ಲ.

ಇನ್ನೂ ಎಚ್-4ನಲ್ಲೇ ಇರುವವರಿಗೆ ಒಂದು ಮಾತು ಹೇಳಲೇಬೇಕು. ವಿಚ್ಛೇದನ ಅಂತಿಮವಾದ ದಿನವೇ ಅವಲಂಬಿತ ವೀಸಾದ ಆಧಾರ ಹೋಗುತ್ತದೆ. ಕೈಯಲ್ಲಿ ಜೀವನಾಂಶದ ಆದೇಶವಿದ್ದರೂ ಈ ದೇಶದಲ್ಲಿ ಉಳಿಯುವ ಹಕ್ಕು ಅದರಿಂದ ಬರುವುದಿಲ್ಲ. ಮಕ್ಕಳು ಇಲ್ಲಿನ ಪ್ರಜೆಗಳಾಗಿದ್ದರೂ ತಾಯಿಗೆ ಮಾತ್ರ ಗಂಟುಮೂಟೆ ಕಟ್ಟಬೇಕಾದ ಪರಿಸ್ಥಿತಿ. ಆದ್ದರಿಂದ ಕುಟುಂಬ ಕಾನೂನಿನ ವಕೀಲರ ಜೊತೆಗೆ ವಲಸೆ ವಕೀಲರನ್ನೂ, ಅರ್ಜಿಗೆ ಸಹಿ ಹಾಕುವ ಮುನ್ನವೇ ಕಾಣಬೇಕು.

ನನ್ನ ಪರಿಚಿತರು ಈಗ ಜೀವನಾಂಶದ ಒಂದು ಪಾಲನ್ನು ಕಮ್ಯುನಿಟಿ ಕಾಲೇಜಿನ ಫೀಸಿಗೆ ಕಟ್ಟುತ್ತಿದ್ದಾರೆ. ಅಟ್ಟದಿಂದ ಇಳಿದ ಪಾಸ್‌ಪೋರ್ಟು ಈಗ ಅವರ ಮೇಜಿನ ಮೊದಲ ಡ್ರಾಯರಿನಲ್ಲಿದೆ.