ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತಿದೆ, ಅಮ್ಮ ಅಲ್ಲಿಂದಲೇ ದರಗು ತಂದಿದ್ದಾರೆ. ಏನು ಮಾಡಲಿ?

ಜಯಪುರದ ಮಗಳು:

ನಮ್ಮ ಮನೆ ಕೊಪ್ಪ ತಾಲ್ಲೂಕು, ಜಯಪುರದಿಂದ ಒಳಗೆ. ನಾನಿರೋದು ಬೆಂಗಳೂರು. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಅಮ್ಮನಿಗೆ 66 ವರ್ಷ, ಬಿ.ಪಿ. ಮಾತ್ರೆ ತಗೊಳ್ತಾರೆ. ಅಪ್ಪನಿಗೆ ಮಂಡಿ ನೋವು, ಗುಡ್ಡ ಹತ್ತೋಕಾಗಲ್ಲ. ಎರಡು ಗಿಡ್ಡ ದನ, ಒಂದು ಜೆರ್ಸಿ ಇವೆ. ಕೊಟ್ಟಿಗೆಗೆ ಹಾಸೋಕೆ ದರಗು (ಉದುರಿದ ಒಣ ಎಲೆ) ಗುಡಿಸಿ ತರೋದೆಲ್ಲ ಅಮ್ಮನೇ.

ಶನಿವಾರ ನಮ್ಮ ಸೊಪ್ಪಿನ ಬೆಟ್ಟದಲ್ಲಿ (ಸೊಪ್ಪು, ದರಗು ತರೋ ಕಾಡು) ಒಂದು ಮಂಗ ಸತ್ತು ಬಿದ್ದಿತ್ತಂತೆ. ಅಮ್ಮ ಗುರುವಾರವಷ್ಟೇ ಅದೇ ಜಾಗದಿಂದ ನಾಲ್ಕು ಹೆಡಿಗೆ ದರಗು ತಂದು ಕೊಟ್ಟಿಗೆ ಪಕ್ಕ ರಾಶಿ ಹಾಕಿದ್ದಾರೆ. ಇವತ್ತು ಸೋಮವಾರ. ಜ್ವರ ಇಲ್ಲ. "ಸೊಂಟ ಸ್ವಲ್ಪ ಹಿಡಕೊಂಡಿದೆ, ಅದು ಯಾವಾಗಲೂ ಇರೋದೇ" ಅಂತಾರೆ. ಮಂಗನ ಕಾಯಿಲೆ (ಕೆ.ಎಫ್.ಡಿ.) ಬಂದುಬಿಡುತ್ತೇನೋ ಅಂತ ನನಗೆ ರಾತ್ರಿ ನಿದ್ದೆ ಬರ್ತಿಲ್ಲ.

ಇನ್ನೊಂದು ವಿಷಯ. ಸಂಕ್ರಾಂತಿಗೆ ಆರು ವರ್ಷದ ಮಗನನ್ನು ಕರ್ಕೊಂಡು ಹೋಗಬೇಕು ಅಂತಿದ್ದೆ. ಅಜ್ಜಿ ಹಿಂದೆಯೇ ಕೊಟ್ಟಿಗೆ, ತೋಟ ಅಂತ ಸುತ್ತೋ ಹುಡುಗ. ಹೋಗಬಹುದಾ? ಅಮ್ಮನನ್ನು ಬೆಟ್ಟಕ್ಕೆ ಹೋಗದ ಹಾಗೆ ಹೇಗೆ ತಡೀಲಿ? "ಕಾಡಿಗೆ ಹೋಗಬೇಡಿ" ಅಂತ ಮಾತ್ರ ಹೇಳಬೇಡಿ. ಅದನ್ನು ನಾನೇ ನೂರು ಸಲ ಹೇಳಿ ಸೋತಿದ್ದೇನೆ.

ಆಶಾ ಅಕ್ಕ, ಶೃಂಗೇರಿ ಕಡೆ:

ತಂಗಿ, ಮೊದಲು ದಿನ ಲೆಕ್ಕ ಹಾಕು. ಈ ಕಾಯಿಲೆ ಹರಡೋ ಉಣುಗು (ಉಣ್ಣೆ) ಕಚ್ಚಿದ ಮೇಲೆ ಜ್ವರ ಬರೋದಿದ್ದರೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಬರುತ್ತೆ. ಗುರುವಾರದಿಂದ ಎಣಿಸಿದರೆ ಬರೋ ಶುಕ್ರವಾರದ ತನಕ ಕಣ್ಣಿಟ್ಟಿರಬೇಕು. ನಾನಾದರೆ ಇನ್ನೂ ಎರಡು ದಿನ ಸೇರಿಸ್ತೀನಿ. ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ನೋಡೋಕೆ ಅಪ್ಪನಿಗೆ ಹೇಳು. ಹೀಗೆ ಒಂದು ಕೆಲಸ ಕೊಟ್ಟರೆ ಅವರಿಗೂ ಸಮಾಧಾನ.

ಮಂಗನ ಕಾಯಿಲೆ ಜ್ವರ ಮೆಲ್ಲಗೆ ಏರೋದಲ್ಲ, ಏಕಾಏಕಿ ಬರುತ್ತೆ. ಹಣೆ ಸಿಡಿಯೋ ಹಾಗೆ ತಲೆನೋವು, ಕುತ್ತಿಗೆ, ಬೆನ್ನು, ಕಾಲಿನ ಮೀನಖಂಡ ಎಲ್ಲ ನೋವು, ಕಣ್ಣು ಕೆಂಪು. ಕೆಲವರಿಗೆ ವಾಂತಿ ಭೇದಿ, ಮೂಗಲ್ಲಿ ಒಸಡಲ್ಲಿ ರಕ್ತ. ಜ್ವರ ಕಂಡರೆ ಮನೆಯಲ್ಲಿ ಕಷಾಯ ಕುಡಿಸಿ ದಿನ ಕಳೀಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಾಯಿ ಬಿಟ್ಟು ಹೇಳಬೇಕಾದ್ದು ಒಂದೇ ಮಾತು: "ಮಂಗ ಸತ್ತ ಜಾಗಕ್ಕೆ ಹೋಗಿದ್ದೆ." ಇದೊಂದು ಮಾತು ಹೇಳದೆ ಸುಮ್ಮನೆ "ಜ್ವರ" ಅಂದವರು ಎಷ್ಟು ಜನ ತಡವಾಗಿ ಸಿಕ್ಕಿದ್ದಾರೆ ಅಂತ ನನಗೆ ಗೊತ್ತು. ಬಿ.ಪಿ. ಮಾತ್ರೆ ವಿಷಯವನ್ನೂ ತಿಳಿಸಬೇಕು. ಈ ಕಾಯಿಲೆಯಲ್ಲಿ ಬಿ.ಪಿ. ಇಳಿದುಬಿಡಬಹುದು, ಮಾತ್ರೆ ಮುಂದುವರಿಸೋದಾ ನಿಲ್ಲಿಸೋದಾ ಅಂತ ಡಾಕ್ಟರೇ ಹೇಳಲಿ.

ಮಂಗ ಸತ್ತಿರೋದನ್ನು ಯಾರಾದರೂ ತಿಳಿಸಿದ್ದಾರಾ? ಇಲ್ಲ ಅಂದರೆ ಇವತ್ತೇ ಆರೋಗ್ಯ ಕೇಂದ್ರಕ್ಕೋ ಪಂಚಾಯ್ತಿಗೋ ಫೋನ್ ಮಾಡು. ಅದನ್ನು ಮುಟ್ಟೋದು, ಎಳೆದು ಹಾಕೋದು ಬೇಡ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗೆಲ್ಲ ಸುತ್ತಲೂ ಇಳಿದುಬಿಡುತ್ತವೆ, ಅಪಾಯ ಇರೋದೇ ಅಲ್ಲಿ. ಇಲಾಖೆಯವರು ಬಂದು ಉಣುಗು ಸಾಯೋ ಪುಡಿ ಹೊಡೀತಾರೆ.

ಲಸಿಕೆ ಇದೆಯಾ ಅಂತ ಎಲ್ಲರೂ ಕೇಳ್ತಾರೆ, ನೀನೂ ಕೇಳ್ತೀಯ. ಹಳೇ ಲಸಿಕೆ 2022ರಲ್ಲೇ ನಿಂತಿದೆ, ಅದು ಸರಿಯಾಗಿ ರಕ್ಷಣೆ ಕೊಡ್ತಿರಲಿಲ್ಲ. ಈಗ ನಮ್ಮ ಕೈಯಲ್ಲಿರೋದು ಡೇಪಾ ಎಣ್ಣೆ, ಉಣುಗು ಹತ್ತದ ಹಾಗೆ ಮೈಗೆ ಹಚ್ಚೋದು. ಕೇಂದ್ರದಲ್ಲಿ ಬಿಟ್ಟಿ ಕೊಡ್ತಾರೆ.

ಎನ್.ಆರ್.ಪುರದ ಅಡಿಕೆ ತೋಟದವ:

ನನಗೆ ಬಂದಿತ್ತು, 2019ರ ಫೆಬ್ರವರಿಯಲ್ಲಿ. ಅದಕ್ಕೇ ಬರೀತಿದ್ದೇನೆ.

ಆ ವರ್ಷ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾವುಗಳಾಗಿದ್ದನ್ನು ಪೇಪರಿನಲ್ಲಿ ಓದುತ್ತಿದ್ದೆ. ಆದರೂ ನನಗೇ ಜ್ವರ ಬಂದಾಗ ಕೊಯ್ಲಿನ ಸುಸ್ತು ಅಂದುಕೊಂಡೆ. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ನೋವಿಗೆ ಅಂತ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಎರಡನೇ ದಿನ ಇನ್ನೊಂದು. ನಾನೂ ಕಾಡಿನ ವಿಷಯ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಮೂರನೇ ದಿನ ಇಂಜೆಕ್ಷನ್ ಕೊಟ್ಟ ಜಾಗ ಅಂಗೈಯಗಲ ನೀಲಿಗಟ್ಟಿತು. ಪ್ಲೇಟ್ಲೆಟ್ ಇಳಿದಿತ್ತು. ಆಮೇಲೆ ಸರ್ಕಾರಿ ಆಸ್ಪತ್ರೆ, ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಯಿತು, ಪಾಸಿಟಿವ್ ಬಂತು. ಆಗ ಅಲ್ಲಿನ ಡಾಕ್ಟರ್ ಹೇಳಿದ್ದು ಈಗಲೂ ಕಿವಿಯಲ್ಲಿದೆ: ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತೆ. ನಿಮ್ಮ ಅಮ್ಮ ಸೊಂಟ ನೋವಿಗೆ ಅಂತ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದಾರಾ? ದಯವಿಟ್ಟು ಈಗಲೇ ಕೇಳಿ.

ಇನ್ನೊಂದು ಮಾತನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಎಂಟನೇ ದಿನ ಜ್ವರ ಬಿಟ್ಟಿತು. ಹಸಿವಾಯಿತು, ಗಂಜಿ ಬಿಟ್ಟು ಊಟ ಮಾಡಿದೆ, ತೋಟಕ್ಕೂ ಹೋದೆ. ಹದಿನೇಳನೇ ದಿನ ಮತ್ತೆ ಜ್ವರ. ಈ ಸಲ ಕೈ ನಡುಕ, ಕಾಫಿ ಲೋಟ ಹಿಡಿಯೋಕಾಗಲಿಲ್ಲ, ಹೆಂಡತಿ ಹೆಸರು ಕರೆಯೋಕೆ ತಡವರಿಸಿದೆ. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ಎರಡನೇ ಸುತ್ತು ಮಿದುಳಿಗೇ ಬರುತ್ತೆ. ಉಳಿದುಕೊಂಡೆ. ಆದರೆ ಮಳೆಗಾಲ ಶುರುವಾಗೋ ತನಕ ಹತ್ತು ಹೆಜ್ಜೆ ನಡೆದರೆ ಕೂರಬೇಕಿತ್ತು. ಯಾರಿಗಾದರೂ ಕಾಯಿಲೆ ಬಂದು ಜ್ವರ ಬಿಟ್ಟರೆ, ಆಮೇಲೂ ಎರಡು ವಾರ ಕೆಲಸಕ್ಕೆ ಕಳಿಸಬೇಡಿ, ಒಬ್ಬರನ್ನೇ ಮಲಗಿಸಬೇಡಿ.

ನನ್ನ ಮಗಳು ಆಗ ನಾಲ್ಕು ವರ್ಷದವಳು. ಅಂಟುತ್ತೆ ಅಂತ ಹೆದರಿ ಅವಳನ್ನು ಒಂದು ತಿಂಗಳು ಹೆಂಡತಿಯ ತವರಿಗೆ ಕಳಿಸಿದ್ದರು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟೋದಲ್ಲ. ಆ ಒಂದು ತಿಂಗಳು ಮಗುವನ್ನು ನೋಡದೆ ಮಲಗಿದ್ದು ಜ್ವರಕ್ಕಿಂತ ಕಷ್ಟ ಆಯಿತು. ನಿಮ್ಮ ಮನೆಯಲ್ಲಿ ಹಾಗೆ ಮಾಡಬೇಡಿ.

ಪಶು ಇಲಾಖೆಯಲ್ಲಿದ್ದವರು:

ದನಗಳ ಬಗ್ಗೆ ಮಾತ್ರ ಹೇಳ್ತೀನಿ. ದನಕ್ಕೆ ಈ ಕಾಯಿಲೆ ಬರಲ್ಲ, ಹಾಲಿನಿಂದ ಹರಡುತ್ತೆ ಅನ್ನೋ ಹೆದರಿಕೆಯೂ ಬೇಡ, ಕಾಯಿಸಿ ಕುಡಿಯಿರಿ. ಆದರೆ ಬಲಿತ ಉಣುಗು ಹೊಟ್ಟೆ ತುಂಬಿಸಿಕೊಳ್ಳೋದು ದನದ ಮೈಮೇಲೆ. ಅದನ್ನು ಸಾಯಿಸೋಕೆ ದನದ ಬೆನ್ನಿನುದ್ದಕ್ಕೂ ಸುರಿಯೋ ಫ್ಲುಮೆಥ್ರಿನ್ ಔಷಧಿ ಪಶು ಆಸ್ಪತ್ರೆಯಲ್ಲಿ ಕೇಳಿ. ಮಂಗ ಸತ್ತ ಕಡೆಗೆ ಮೇಯೋಕೆ ಬಿಡಬೇಡಿ.

ದರಗಿನ ಬದಲು ಈಗ ಮನೆಯಲ್ಲೇ ಅಡಿಕೆ ಸಿಪ್ಪೆ ಇರುತ್ತಲ್ಲ, ಒಣಗಿಸಿ ಹಾಸಿ. ಭತ್ತದ ಹುಲ್ಲು ಮೇವಿಗೆ ಹೋಗಿ ಉಳಿದಿದ್ದು, ಮರದ ಹೊಟ್ಟು, ಯಾವುದಾದರೂ ಆಗುತ್ತೆ. ಡಿಸೆಂಬರಿನಿಂದ ಮೇ ತನಕ ದಾಟಿಸಿದರೆ ಸಾಕು. ಗೊಬ್ಬರಕ್ಕೆ ದರಗೇ ಬೇಕು ಅನ್ನೋರು ಮಳೆಗಾಲದಲ್ಲಿ ಹಸಿ ಸೊಪ್ಪು ಹಾಕಲಿ.

ಜಯಪುರದ ಮಗಳು:

ಅಮ್ಮನ ಹತ್ತಿರ ಮಾತಾಡಿದೆ. ಸೊಂಟಕ್ಕೆ ನಿಜವಾಗಿಯೂ ಡೈಕ್ಲೋಫೆನಾಕ್ ನುಂಗುತ್ತಿದ್ದರು! ನಿಲ್ಲಿಸಿದ್ದಾರೆ. ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ.

ಆದರೆ ಎಣ್ಣೆ ಬೇಡ ಅಂತಾರೆ. ವಾಸನೆಗೆ ತಲೆ ಸುತ್ತುತ್ತಂತೆ. ಮತ್ತೆ ಈ ಉಣುಗು ಕಣ್ಣಿಗೇ ಕಾಣಲ್ಲ, ಯಾವುದನ್ನು ಅಂತ ಹುಡುಕಲಿ ಅಂತ ಕೇಳ್ತಾರೆ.

ಆಶಾ ಅಕ್ಕ, ಶೃಂಗೇರಿ ಕಡೆ:

ಕಾಣಲ್ಲ ಅನ್ನೋದು ನಿಜ. ಈಗ ಕಚ್ಚೋದು ಎಳೇ ಉಣುಗು, ಸಾಸಿವೆಗಿಂತ ಚಿಕ್ಕದು. ಅದಕ್ಕೇ ಬಚ್ಚಲ ಹಂಡೆ ಇರೋದು ಅನ್ನು. ಬೆಟ್ಟದಿಂದ ಬಂದವರು ಜಗಲಿ ಮೇಲೆ ಕೂರದೆ ಸೀದಾ ಬಚ್ಚಲಿಗೆ ಹೋಗಲಿ. ಉಟ್ಟ ಬಟ್ಟೆ ಕುದಿಯೋ ನೀರಿಗೆ, ಮೈಗೆ ಬಿಸಿನೀರು, ಸೋಪು ಹಚ್ಚಿ ಉಜ್ಜಬೇಕು. ಕಂಕುಳು, ಮೊಣಕಾಲ ಹಿಂದೆ, ಸೊಂಟದ ಪಟ್ಟಿ, ಕಿವಿ ಹಿಂದೆ. ಕಚ್ಚಿ ಕೂತಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೀರಿ. ಬೆರಳಲ್ಲಿ ಹೊಸಕೋದು, ಬೆಂಕಿ ಕಡ್ಡಿ ತಾಗಿಸೋದು ಬೇಡ.

ಎಣ್ಣೆಯನ್ನು ಮುಖಕ್ಕೆ ಹಚ್ಚಲೇಬೇಕು ಅಂತಿಲ್ಲ. ಕಾಲಿಗೆ, ಕೈಗೆ ಹಚ್ಚಿ, ಕವಳ (ಎಲೆ ಅಡಿಕೆ) ಹಾಕೋ ಮೊದಲು ಕೈ ತೊಳೆಯಲಿ. ನಮ್ಮೂರಿನ ಅಜ್ಜಿಯೊಬ್ಬರು ಹೀಗೇ ವಾಸನೆ ಅಂತಿದ್ದರು. ಹೊರಗೆ ಅಂಗಳದಲ್ಲಿ ನಿಂತು ಹಚ್ಚಿಕೊಂಡರೆ ತಡೀತದೆ ಅಂತ ಅವರೇ ಕಂಡುಕೊಂಡರು. ಉದ್ದ ತೋಳಿನ ಅಂಗಿ, ಕಾಲಿಗೆ ಗಮ್‌ಬೂಟು ಇರಲಿ.

ಮಗನ ವಿಷಯ: ಕರ್ಕೊಂಡು ಬಾ. ಆ ದರಗಿನ ರಾಶಿ ಹತ್ತಿರ ಮಾತ್ರ ಸುಳಿಯೋಕೆ ಬಿಡಬೇಡ, ಅದರಲ್ಲೂ ಉಣುಗು ಬಂದಿರಬಹುದು. ಬೆಟ್ಟಕ್ಕೆ ಬೇಡ. ಅವನಿಗೆ ಎಣ್ಣೆ ಹಚ್ಚೋದಾದರೆ ಕೇಂದ್ರದಲ್ಲಿ ಕೇಳಿಯೇ ಹಚ್ಚು, ಅಂಗೈಗೆ ಬೇಡ, ಬಾಯಿಗೆ ಹೋಗುತ್ತೆ.

ಜಯಪುರದ ಮಗಳು:

ಇವತ್ತಿಗೆ ಹನ್ನೆರಡು ದಿನ. ಅಮ್ಮನಿಗೆ ಜ್ವರ ಬರಲಿಲ್ಲ. ಅಪ್ಪ ಹಳೇ ಕ್ಯಾಲೆಂಡರಿನ ಹಿಂದೆ ಬೆಳಿಗ್ಗೆ ಸಂಜೆ ಬರೆದಿಟ್ಟಿದ್ದನ್ನು ಫೋಟೋ ತೆಗೆದು ಕಳಿಸಿದ್ದಾರೆ, ಎಲ್ಲ 98ರ ಆಸುಪಾಸು. ಇಲಾಖೆಯವರು ಬಂದು ಬೆಟ್ಟದಲ್ಲಿ ಪುಡಿ ಹೊಡೆದು, ಎರಡು ಬಾಟಲಿ ಎಣ್ಣೆ ಕೊಟ್ಟು ಹೋಗಿದ್ದಾರೆ. ಕೊಟ್ಟಿಗೆಗೆ ಸಿಪ್ಪೆ ಹಾಸಿದ್ದಾರೆ, ಜೆರ್ಸಿಗೆ ಮೊದಲ ದಿನ ಹಿಡಿಸಲಿಲ್ಲವಂತೆ, ಈಗ ಮಲಗ್ತಿದೆ.

ದರಗಿನ ರಾಶಿ ಇನ್ನೂ ಅಲ್ಲೇ ಇದೆ. ಅದನ್ನು ಏನು ಮಾಡೋದು, ಸುಡಬಹುದಾ?

ಎನ್.ಆರ್.ಪುರದ ಅಡಿಕೆ ತೋಟದವ:

ಸುಡಿ. ಗಾಳಿ ಇಲ್ಲದ ಬೆಳಿಗ್ಗೆ, ಕೊಟ್ಟಿಗೆಯಿಂದ ದೂರ, ಪಕ್ಕದಲ್ಲಿ ನೀರಿಟ್ಟುಕೊಂಡು. ಅದನ್ನು ಎತ್ತಿ ಸಾಗಿಸುವಾಗಲೂ ಎಣ್ಣೆ, ಬೂಟು ಇರಲಿ. ಅಮ್ಮ ಮಾಡೋದು ಬೇಡ, ಕೊಯ್ಲಿಗೆ ಬರೋ ಹುಡುಗರಿಗೆ ಹೇಳಿ, ಯಾಕೆ ಅಂತಾನೂ ಹೇಳಿ, ಅವರ ಕೈಗೂ ಎಣ್ಣೆ ಬಾಟಲಿ ಕೊಡಿ.